ಚಲನ ಕೌಶಲಗಳ ಕಲಿಕೆಯಲ್ಲಿ ಹಿಮ್ಮಾಹಿತಿ ಮತ್ತು ಆತ್ಮವಿಶ್ವಾಸ

ಶಾಲೆಯೆಂದೊಡನೆ ಓದು, ಬರಹ, ಲೆಕ್ಕಗಳು ನೆನಪಿಗೆ ಬರುವುದು ಸಹಜ. ಈ ಮೂರರಲ್ಲಿ ಬರಹವೆಂಬುದು ಮೊದಲು ಕೈಯ ವಿದ್ಯೆ, ಅನಂತರವಷ್ಟೇ ತಲೆಯ ವಿದ್ಯೆ ಎಂಬುದನ್ನು ಮರೆಯುವವರೇ ಹೆಚ್ಚು. ಆರು ವರ್ಷದ ಮಗುವೊಂದು ಸ್ಲೇಟಿನ ಮೇಲೆ ‘ಅ’ಕಾರವನ್ನು ಮೂಡಿಸುವಾಗ ಅದರ ಬೆರಳು, ಮಣಿಕಟ್ಟು, ಮೊಣಕೈ, ಭುಜಗಳ ಸ್ನಾಯುಗಳೆಲ್ಲ ಒಂದಕ್ಕೊಂದು ಹೊಂದಿಕೊಂಡು, ತಕ್ಕ ಹೊತ್ತಿಗೆ ಬಿಗಿದು, ತಕ್ಕ ಹೊತ್ತಿಗೆ ಸಡಿಲಗೊಳ್ಳಬೇಕಾಗುತ್ತದೆ. ವಾಲಿಬಾಲಿನ ಸರ್ವೀಸು, ಮಲ್ಲಕಂಬದ ಏರಿಕೆ, ತಬಲದ ನುಡಿಸಾಣಿಕೆ, ಹೊಲಿಗೆ, ಸೈಕಲ್ ಸವಾರಿ ಇವೆಲ್ಲವೂ ಇದೇ ಬಗೆಯ ಕಲಿಕೆಗಳು. ಶಿಕ್ಷಣಶಾಸ್ತ್ರವು ಇವನ್ನು ಚಲನ ಕೌಶಲಗಳೆಂದು ಕರೆಯುತ್ತದೆ. ವರ್ಷದ ಕೊನೆಯ ಅಂಕಪಟ್ಟಿಯಲ್ಲಿ ಇವುಗಳಿಗೆ ಸಲ್ಲುವ ಸ್ಥಾನ ಅಲ್ಪವಾದರೂ, ‘ನನ್ನಿಂದ ಆಗುತ್ತದೆ’ ಅಥವಾ ‘ನನ್ನಿಂದ ಆಗದು’ ಎಂಬ ಭಾವನೆ ಬಾಲಕನಲ್ಲಿ ಮೊದಲು ಬೇರೂರುವುದು ಬಹುಮಟ್ಟಿಗೆ ಇಲ್ಲಿಯೇ.

ಕನ್ನಡದ ‘ತಿದ್ದು’ ಎಂಬ ಕ್ರಿಯಾಪದಕ್ಕಿರುವ ಎರಡು ಅರ್ಥಗಳು ಈ ಸಂದರ್ಭದಲ್ಲಿ ಗಮನಾರ್ಹವಾಗಿವೆ. ಗುರುಗಳು ಬರೆದುಕೊಟ್ಟ ಅಕ್ಷರದ ಮೇಲೆ ಮಗು ಮತ್ತೆ ಮತ್ತೆ ಬಳಪವನ್ನಾಡಿಸುವುದೂ ತಿದ್ದುವುದೇ. ಗುರುಗಳು ಕೆಂಪು ಶಾಯಿಯಿಂದ ತಪ್ಪನ್ನು ಸರಿಪಡಿಸುವುದೂ ತಿದ್ದುವುದೇ. ಒಂದು ಕಲಿಯುವವನ ಕೆಲಸ, ಮತ್ತೊಂದು ಕಲಿಸುವವನ ಕೆಲಸ. ಇವೆರಡರಲ್ಲಿ ಯಾವುದು ಎಷ್ಟಿರಬೇಕು, ಗುರುವಿನ ತಿದ್ದುವಿಕೆ ಎಲ್ಲಿ ನಿಂತು ಶಿಷ್ಯನು ತನ್ನನ್ನು ತಾನೇ ತಿದ್ದಿಕೊಳ್ಳುವುದು ಎಲ್ಲಿಂದ ಮೊದಲಾಗಬೇಕು ಎಂಬ ಪ್ರಶ್ನೆಯನ್ನು ಮನಶ್ಶಾಸ್ತ್ರಜ್ಞರು ಸುಮಾರು ನೂರು ವರ್ಷಗಳಿಂದ ಪ್ರಯೋಗಗಳ ಮೂಲಕ ಶೋಧಿಸುತ್ತ ಬಂದಿದ್ದಾರೆ. ಅವರಿಗೆ ದೊರೆತ ಉತ್ತರವು ಉಪಾಧ್ಯಾಯರ ದಿನನಿತ್ಯದ ರೂಢಿಗೆ ಕೆಲವೆಡೆ ನೇರವಾಗಿ ವಿರುದ್ಧವಾಗಿದೆ.

ಮಾಡಿದ ಕ್ರಿಯೆಯ ಫಲ ಹೇಗಾಯಿತೆಂಬುದು ಮಾಡಿದವನಿಗೆ ಮರಳಿ ತಿಳಿಯುವುದಕ್ಕೆ ಹಿಮ್ಮಾಹಿತಿಯೆಂದು ಹೆಸರು. ಇದರಲ್ಲಿ ಎರಡು ಬಗೆ. ಕಣ್ಣು, ಕಿವಿ, ಚರ್ಮ, ಸ್ನಾಯು, ಕೀಲುಗಳಿಂದ ಕಲಿಯುವವನಿಗೆ ತಾನಾಗಿಯೇ ಒದಗುವಂಥದು ಸಹಜವಾದ ಹಿಮ್ಮಾಹಿತಿ. ಗುರುಗಳ ಮಾತು, ಅಳತೆಪಟ್ಟಿ, ಗಡಿಯಾರ ಮೊದಲಾದವುಗಳಿಂದ ಹೊರಗಿನಿಂದ ಬರುವಂಥದು ಕೂಡಿಸಿದ ಹಿಮ್ಮಾಹಿತಿ. ಕಲಿಸುವವರ ಅಧೀನದಲ್ಲಿರುವುದು ಈ ಎರಡನೆಯದು ಮಾತ್ರ.

ಈ ಕುರಿತ ಅಧ್ಯಯನಕ್ಕೆ ಭದ್ರವಾದ ತಳಹದಿ ಹಾಕಿದವರಲ್ಲಿ ಅಮೆರಿಕದ ಎಡ್ವರ್ಡ್ ಥಾರ್ನ್‌ಡೈಕ್ ಪ್ರಮುಖರು. 1927ರಲ್ಲಿ ಪ್ರಕಟವಾದ ಅವರ ಪ್ರಯೋಗ ಅತಿ ಸರಳವಾದುದು. ಕಣ್ಣು ಮುಚ್ಚಿಸಿದ ವ್ಯಕ್ತಿಗಳಿಂದ ಇಂತಿಷ್ಟು ಅಂಗುಲ ಉದ್ದದ ಗೆರೆಗಳನ್ನು ಎಳೆಯಿಸಲಾಯಿತು. ಗೆರೆ ಸರಿಯಾಯಿತೇ ತಪ್ಪಾಯಿತೇ ಎಂಬುದನ್ನು ತಿಳಿಸದೆ ಇದ್ದಾಗ ನೂರಾರು ಗೆರೆಗಳನ್ನು ಎಳೆದರೂ ಅವರಲ್ಲಿ ಸುಧಾರಣೆ ಕಾಣಲಿಲ್ಲ. ‘ಸರಿ’, ‘ತಪ್ಪು’ ಎಂಬೆರಡು ಮಾತುಗಳನ್ನು ಕೂಡಿಸಿದೊಡನೆ ಸುಧಾರಣೆ ಮೊದಲಾಯಿತು. ‘ಅಭ್ಯಾಸದಿಂದ ಎಲ್ಲವೂ ಸಾಧ್ಯ’ ಎಂಬ ಮಾತಿಗೆ ಈ ಪ್ರಯೋಗವು ಒಂದು ಷರತ್ತನ್ನು ಹಾಕಿತು: ಫಲದ ಅರಿವಿಲ್ಲದ ಅಭ್ಯಾಸವು ಬರಿಯ ಪುನರಾವರ್ತನೆಯೇ ಹೊರತು ಕಲಿಕೆಯಲ್ಲ. ತಪ್ಪಾಗಿ ಬರೆದ ಅಕ್ಷರವನ್ನು ಐವತ್ತು ಸಲ ಬರೆದು ತರುವಂತೆ ಶಿಕ್ಷೆ ವಿಧಿಸುವ ಪದ್ಧತಿ ಏಕೆ ನಿಷ್ಫಲವೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಆಧಾರ ಬೇಕಾಗಿಲ್ಲ.

1932ರಲ್ಲಿ ಟ್ರೌಬ್ರಿಜ್ ಮತ್ತು ಕೇಸನ್ ಎಂಬಿಬ್ಬರು ಇದೇ ಪ್ರಯೋಗವನ್ನು ಇನ್ನಷ್ಟು ಸೂಕ್ಷ್ಮಗೊಳಿಸಿದರು. ಮೂರು ಅಂಗುಲದ ಗೆರೆಯನ್ನು ಕಣ್ಣಿನ ನೆರವಿಲ್ಲದೆ ಎಳೆಯಬೇಕು. ಒಂದು ತಂಡಕ್ಕೆ ಏನನ್ನೂ ಹೇಳಲಿಲ್ಲ. ಒಂದು ತಂಡಕ್ಕೆ ಪ್ರತಿ ಗೆರೆಯ ಅನಂತರ ಅರ್ಥವಿಲ್ಲದ ಶಬ್ದವನ್ನು ಹೇಳಿದರು. ಮೂರನೆಯದಕ್ಕೆ ‘ಸರಿ’ ಅಥವಾ ‘ತಪ್ಪು’ ಎಂದರು. ನಾಲ್ಕನೆಯದಕ್ಕೆ ಗೆರೆ ಎಷ್ಟು ಉದ್ದವಾಯಿತು, ಎಷ್ಟು ಗಿಡ್ಡವಾಯಿತು ಎಂದು ಅಳತೆ ಸಹಿತ ತಿಳಿಸಿದರು. ನಾಲ್ಕನೆಯ ತಂಡ ಉಳಿದವುಗಳನ್ನು ಬಹು ದೂರ ಹಿಂದಿಕ್ಕಿತು. ‘ಶಾಭಾಷ್’, ‘ಛೆ’ ಎಂಬ ಉದ್ಗಾರಗಳಿಗಿಂತ ‘ಒಂದು ಗೇಣು ಎಡಕ್ಕೆ ಬಿತ್ತು’ ಎಂಬ ಮಾತು ಹೆಚ್ಚು ಕಲಿಸುತ್ತದೆಯೆಂದು ಇದರ ತಾತ್ಪರ್ಯ. ಮಾತು ಬಹಳ ಆಡಿ ಮಾಹಿತಿ ಏನನ್ನೂ ನೀಡದ ಶಿಕ್ಷಕನು ಅರ್ಥವಿಲ್ಲದ ಶಬ್ದ ಕೇಳಿದ ತಂಡದ ಸ್ಥಿತಿಗೇ ತನ್ನ ಶಿಷ್ಯರನ್ನು ತಳ್ಳುತ್ತಾನೆಂದರೆ ತಪ್ಪಾಗಲಾರದು.

ಇಲ್ಲಿಂದ ಮುಂದೆ ಐವತ್ತು ವರ್ಷಗಳ ಕಾಲ ಒಂದು ನಂಬಿಕೆ ಬಲವಾಗಿ ನೆಲೆಸಿತು: ಹಿಮ್ಮಾಹಿತಿ ಎಷ್ಟು ಹೆಚ್ಚೋ, ಎಷ್ಟು ಬೇಗವೋ, ಎಷ್ಟು ನಿಖರವೋ ಅಷ್ಟೂ ಕಲಿಕೆಗೆ ಒಳ್ಳೆಯದು. ಉಪಾಧ್ಯಾಯ ತರಬೇತಿ ಕಾಲೇಜುಗಳ ಪಾಠಗಳಲ್ಲಿಯೂ ಈ ಸೂತ್ರವೇ ಪ್ರಧಾನವಾಗಿತ್ತು. ಇದನ್ನು ಅಲುಗಿಸಿದುದು 1984ರಲ್ಲಿ ಸಾಲ್ಮೋನಿ, ಷ್ಮಿಟ್ ಮತ್ತು ವಾಲ್ಟರ್ ಎಂಬ ಮೂವರು ವಿದ್ವಾಂಸರು ಬರೆದ ಸುದೀರ್ಘ ವಿಮರ್ಶಾಲೇಖನ. ಹಿಂದಿನ ಪ್ರಯೋಗಗಳಲ್ಲಿ ಹಲವು ಒಂದು ಮುಖ್ಯ ಭೇದವನ್ನು ಅಲಕ್ಷಿಸಿವೆಯೆಂದು ಅವರು ತೋರಿಸಿದರು. ಅಭ್ಯಾಸದ ಹೊತ್ತಿನಲ್ಲಿ ಚೆನ್ನಾಗಿ ಮಾಡುವುದು ಬೇರೆ, ಕಲಿತಿರುವುದು ಬೇರೆ. ಗುರುವು ಪಕ್ಕದಲ್ಲಿ ನಿಂತು ಹೇಳಿಕೊಡುತ್ತಿರುವಾಗ ಶಿಷ್ಯನು ಮಾಡಿ ತೋರಿಸಿದುದು ಕಲಿಕೆಗೆ ಸಾಕ್ಷಿಯಾಗದು. ಒಂದೆರಡು ದಿನ ಕಳೆದ ಮೇಲೆ, ಹೇಳಿಕೊಡುವವರು ಯಾರೂ ಇಲ್ಲದಾಗ ಅವನು ಏನು ಮಾಡಬಲ್ಲನೆಂಬುದೇ ನಿಜವಾದ ಪರೀಕ್ಷೆ. ಈ ಪರೀಕ್ಷೆಗೆ ಧಾರಣ ಪರೀಕ್ಷೆಯೆಂದು ಹೆಸರು.

ಈ ಒರೆಗಲ್ಲಿಗೆ ಹಚ್ಚಿ ನೋಡಿದಾಗ ಹಳೆಯ ಸೂತ್ರ ತಲೆಕೆಳಗಾಗುವ ಸಂದರ್ಭಗಳು ಕಂಡುಬಂದವು. 1989ರಲ್ಲಿ ಷ್ಮಿಟ್ ಮತ್ತು ಸಂಗಡಿಗರು ನಡೆಸಿದ ಪ್ರಯೋಗದಲ್ಲಿ ಒಂದು ತಂಡಕ್ಕೆ ಪ್ರತಿ ಪ್ರಯತ್ನದ ಅನಂತರವೂ, ಉಳಿದ ತಂಡಗಳಿಗೆ ಕ್ರಮವಾಗಿ 5, 10 ಮತ್ತು 15 ಪ್ರಯತ್ನಗಳ ಅನಂತರ ಒಟ್ಟಾಗಿಯೂ ಫಲವನ್ನು ತಿಳಿಸಲಾಯಿತು. ಅಭ್ಯಾಸ ನಡೆಯುತ್ತಿರುವಾಗ ಮೊದಲನೆಯ ತಂಡವೇ ಮುಂದು. ಆದರೆ ಕೆಲವು ದಿನಗಳ ಅನಂತರ ಹಿಮ್ಮಾಹಿತಿಯಿಲ್ಲದೆ ಪರೀಕ್ಷಿಸಿದಾಗ ಕ್ರಮ ತಿರುಗಿತು. 15 ಪ್ರಯತ್ನಗಳವರೆಗೆ ಕಾದವರೇ ಮುಂದೆ ನಿಂತರು. 1990ರಲ್ಲಿ ವಿನ್‌ಸ್ಟೀನ್ ಮತ್ತು ಷ್ಮಿಟ್ ಇನ್ನೊಂದು ವಿಧಾನವನ್ನು ಅನುಸರಿಸಿದರು. ಮುಂಗೈಯಿಂದ ಒಂದು ಸನ್ನೆಕೋಲನ್ನು ಗೊತ್ತಾದ ರೀತಿಯಲ್ಲಿ ಆಡಿಸುವ ಕೆಲಸದಲ್ಲಿ ಒಂದು ತಂಡಕ್ಕೆ ಪ್ರತಿ ಸಲವೂ, ಇನ್ನೊಂದಕ್ಕೆ ಮೊದಮೊದಲು ಹೆಚ್ಚಾಗಿ ಬರಬರುತ್ತ ಕಡಿಮೆಯಾಗುವಂತೆ ಒಟ್ಟಿನಲ್ಲಿ ಅರ್ಧದಷ್ಟು ಸಲವೂ ಹಿಮ್ಮಾಹಿತಿ ನೀಡಿದರು. ಮರುದಿನದ ಧಾರಣ ಪರೀಕ್ಷೆಯಲ್ಲಿ ಅರ್ಧ ಪಡೆದವರೇ ಮೇಲುಗೈ ಸಾಧಿಸಿದರು.

ಇದಕ್ಕೆ ಕಾರಣವೇನು? ಸೈಕಲ್ ಕಲಿಯುವ ಹುಡುಗನ ಉದಾಹರಣೆಯಿಂದ ಇದು ತಿಳಿಯಾಗುತ್ತದೆ. ಹಿಂದಿನ ಕ್ಯಾರಿಯರನ್ನು ಹಿಡಿದುಕೊಂಡು ಅಣ್ಣನು ಓಡಿ ಬರುತ್ತಿರುವಷ್ಟು ಹೊತ್ತು ತಮ್ಮನು ಬೀಳುವುದಿಲ್ಲ. ಆದರೆ ಸಮತೋಲ ತಪ್ಪುವ ಕ್ಷಣದಲ್ಲಿ ಮೈಯೊಳಗೆ ಆಗುವ ಆ ಸಣ್ಣ ಎಚ್ಚರಿಕೆಯನ್ನು ಗುರುತಿಸುವ ಅಗತ್ಯವೂ ಅವನಿಗೆ ಬೀಳುವುದಿಲ್ಲ. ಹೊರಗಿನ ಹಿಮ್ಮಾಹಿತಿಯು ಯಾವಾಗಲೂ ಸಿಕ್ಕುವಂತಿದ್ದರೆ ಕಲಿಯುವವನು ಅದನ್ನೇ ಊರುಗೋಲಾಗಿಸಿಕೊಂಡು, ತನ್ನ ಕಣ್ಣು, ಕಿವಿ, ಸ್ನಾಯುಗಳು ಹೇಳುವುದನ್ನು ಆಲಿಸುವುದೇ ಇಲ್ಲ. ಊರುಗೋಲು ತೆಗೆದ ದಿನ ಅವನಲ್ಲಿ ತನ್ನ ತಪ್ಪನ್ನು ತಾನೇ ಕಂಡುಹಿಡಿಯುವ ಸಾಮರ್ಥ್ಯವೇ ಬೆಳೆದಿರುವುದಿಲ್ಲ. ಸ್ವಿನೆನ್ ಮತ್ತು ಸಹೋದ್ಯೋಗಿಗಳು 1990ರಲ್ಲಿ ಪ್ರಕಟಿಸಿದ ಪ್ರಯೋಗಗಳೂ ಇದನ್ನೇ ಸೂಚಿಸುತ್ತವೆ. ಕ್ರಿಯೆ ಮುಗಿದ ಆ ಕ್ಷಣದಲ್ಲಿಯೇ ಫಲವನ್ನು ಹೇಳಿದರೆ ಕಲಿಕೆ ಕುಂಠಿತವಾಯಿತು. ಕೆಲವು ಸೆಕೆಂಡು ಕಾದು ಹೇಳಿದಾಗ ಉತ್ತಮವಾಯಿತು. ಆ ನಡುವೆ ‘ಎಷ್ಟು ತಪ್ಪಿರಬಹುದೆಂದು ನೀವೇ ಊಹಿಸಿ’ ಎಂದು ಕೇಳುವುದು ಲಾಭಕರವಾಯಿತು. ಮಗುವಿನ ಕೈಯಿಂದ ಚೆಂಡು ಬಿಡುವ ಮೊದಲೇ ‘ಹಾಗಲ್ಲ, ಹಾಗಲ್ಲ’ ಎಂದು ಕೂಗುವ ಉತ್ಸಾಹಿ ತರಬೇತುದಾರನಿಗೆ ಈ ಕೆಲವೇ ಸೆಕೆಂಡುಗಳ ಮೌನವು ಬಹು ಕಷ್ಟದ ತಪಸ್ಸೇ ಸರಿ.

ಆದರೆ ಇಷ್ಟರಿಂದ ಎಲ್ಲ ವಯಸ್ಸಿನವರಿಗೂ ಹಿಮ್ಮಾಹಿತಿಯನ್ನು ಕಡಿಮೆ ಮಾಡಬೇಕೆಂದು ತೀರ್ಮಾನಿಸುವುದು ಅವಸರವಾದೀತು. ಮೇಲಿನ ಪ್ರಯೋಗಗಳಲ್ಲಿ ಭಾಗವಹಿಸಿದವರು ಬಹುತೇಕ ಕಾಲೇಜು ವಯಸ್ಸಿನ ತರುಣರು. 2008ರಲ್ಲಿ ಕ್ಯಾಥರೀನ್ ಸಲಿವನ್ ಮತ್ತು ಜೊತೆಗಾರರು 8ರಿಂದ 14 ವರ್ಷದ ಮಕ್ಕಳನ್ನೂ ತರುಣರನ್ನೂ ಹೋಲಿಸಿ ನೋಡಿದರು. ತರುಣರಿಗೆ ಕಡಿಮೆ ಹಿಮ್ಮಾಹಿತಿ ಹಿತವಾದರೆ, ಮಕ್ಕಳಲ್ಲಿ ಪ್ರತಿ ಸಲವೂ ಪಡೆದವರೇ, ಶೇಕಡಾ 62ರಷ್ಟು ಸಲ ಮಾತ್ರ ಪಡೆದವರಿಗಿಂತ ಧಾರಣ ಪರೀಕ್ಷೆಯಲ್ಲಿ ಹೆಚ್ಚು ಸ್ಥಿರತೆ ತೋರಿದರು. ಚಿಕ್ಕ ಮಕ್ಕಳಿಗೆ ಊರುಗೋಲು ಇನ್ನೂ ಕೆಲವು ಕಾಲ ಬೇಕು. ಹಿಂತೆಗೆಯಬೇಕಾದುದು ನಿಜ, ಒಂದನೆಯ ತರಗತಿಯಲ್ಲಿ ಹಿಂತೆಗೆಯುವ ವೇಗವೂ ಹತ್ತನೆಯ ತರಗತಿಯಲ್ಲಿ ಹಿಂತೆಗೆಯುವ ವೇಗವೂ ಒಂದೇ ಆಗಬಾರದು. ಇದನ್ನು ಮರೆತು ದೊಡ್ಡವರ ಮೇಲಿನ ಪ್ರಯೋಗಗಳನ್ನು ಯಥಾವತ್ತಾಗಿ ಕಿರಿಯ ಪ್ರಾಥಮಿಕ ಶಾಲೆಗೆ ಇಳಿಸುವವರಿಂದ ಮಕ್ಕಳಿಗೆ ಉಪಕಾರಕ್ಕಿಂತ ಅಪಕಾರವೇ ಹೆಚ್ಚು.

ಇಲ್ಲಿಯವರೆಗೆ ಹಿಮ್ಮಾಹಿತಿಯನ್ನು ಬರಿಯ ಸುದ್ದಿಯೆಂಬಂತೆ ನೋಡಿದ್ದಾಯಿತು. ಆದರೆ ಶಾಲೆಯ ಅಂಗಳದಲ್ಲಿ ‘ತಪ್ಪು’ ಎಂಬ ಮಾತು ಕೇವಲ ಸುದ್ದಿಯಲ್ಲ. ಅದು ಕೇಳಿದವನ ಮನಸ್ಸಿನಲ್ಲಿ ತನ್ನ ಬಗ್ಗೆಯೇ ಒಂದು ಅಭಿಪ್ರಾಯವನ್ನು ಕೂರಿಸುತ್ತದೆ. ಈ ವಿಷಯಕ್ಕೆ ಶಾಸ್ತ್ರೀಯ ರೂಪ ಕೊಟ್ಟವರು ಆಲ್ಬರ್ಟ್ ಬಂಡೂರಾ. 1977ರ ತಮ್ಮ ಪ್ರಸಿದ್ಧ ಲೇಖನದಲ್ಲಿ ಅವರು, ಗೊತ್ತಾದ ಒಂದು ಕೆಲಸವನ್ನು ತಾನು ಮಾಡಬಲ್ಲೆನೆಂಬ ನಂಬಿಕೆಗೆ ನಾಲ್ಕು ಮೂಲಗಳನ್ನು ಹೇಳಿದರು: ಸ್ವತಃ ಮಾಡಿ ಗೆದ್ದ ಅನುಭವ, ತನ್ನಂಥವನೇ ಮಾಡಿದುದನ್ನು ಕಂಡದ್ದು, ಇತರರ ಪ್ರೋತ್ಸಾಹದ ಮಾತು, ದೇಹದ ಅಂದಿನ ಸ್ಥಿತಿ. ಇವುಗಳಲ್ಲಿ ಮೊದಲನೆಯದೇ ಪ್ರಬಲವೆಂದೂ, ಬರಿಯ ಮಾತಿನಿಂದ ಹುಟ್ಟಿದ ವಿಶ್ವಾಸವು ಮೊದಲ ಸೋಲಿಗೇ ಕುಸಿಯಬಹುದೆಂದೂ ಅವರ ಮತ. ಇದು ಸಾಮಾನ್ಯ ಧೈರ್ಯದ ಮಾತಲ್ಲ ಎಂಬುದನ್ನು ಗಮನಿಸಬೇಕು. ಈಜಿನಲ್ಲಿ ಎದೆಗಾರನಾದ ಹುಡುಗ ಚಿತ್ರಕಲೆಯ ತರಗತಿಯಲ್ಲಿ ಕುಂಚ ಹಿಡಿಯಲು ಅಂಜಬಹುದು.

ಡೆಬೊರಾ ಫೆಲ್ಟ್ಜ್ ಅವರು ಈ ಸಿದ್ಧಾಂತವನ್ನು ಈಜುಕೊಳಕ್ಕೆ ಒಯ್ದರು. ಹಲಗೆಯ ಮೇಲೆ ನೀರಿಗೆ ಬೆನ್ನು ಮಾಡಿ ನಿಂತು ಹಿಂದಕ್ಕೆ ಧುಮುಕುವ ಜಿಗಿತವು ಕಲಿಯುವವರಲ್ಲಿ ಸಹಜವಾಗಿಯೇ ಭಯ ಹುಟ್ಟಿಸುವಂಥದು. 1979ರಲ್ಲಿ ಅವರು ಸಹೋದ್ಯೋಗಿಗಳೊಂದಿಗೆ ಪ್ರಕಟಿಸಿದ ಅಧ್ಯಯನದಲ್ಲಿ, ಬರಿಯ ಪ್ರಾತ್ಯಕ್ಷಿಕೆ ನೋಡಿದವರಿಗಿಂತ, ಪ್ರಾತ್ಯಕ್ಷಿಕೆಯೊಡನೆ ಕೈಹಿಡಿದು ಮಾಡಿಸಿಕೊಂಡವರು ಹೆಚ್ಚು ಜಿಗಿತಗಳನ್ನು ಸಾಧಿಸಿದರು. ಅವರ ಆತ್ಮವಿಶ್ವಾಸವೂ ಹೆಚ್ಚು ಬೆಳೆಯಿತು. 1982ರ ಅಧ್ಯಯನದ ಫಲ ಇನ್ನೂ ಸ್ವಾರಸ್ಯಕರ. ಮೊದಲ ಜಿಗಿತ ಹೇಗಾಗುವುದೆಂಬುದನ್ನು ವಿದ್ಯಾರ್ಥಿನಿಯರ ಆತ್ಮವಿಶ್ವಾಸದ ಮಟ್ಟದಿಂದ ಊಹಿಸಬಹುದಾಗಿತ್ತು. ಆದರೆ ಮುಂದಿನ ಜಿಗಿತಗಳನ್ನು ಹಿಂದಿನ ಜಿಗಿತ ಹೇಗಾಗಿತ್ತೆಂಬುದೇ ಹೆಚ್ಚಾಗಿ ನಿರ್ಧರಿಸಿತು. ಅಂದರೆ ನಂಬಿಕೆಯು ಬಾಗಿಲನ್ನು ತೆರೆಯುತ್ತದೆ. ಒಳಗೆ ಕಾಲಿಟ್ಟ ಮೇಲೆ ನಂಬಿಕೆಯನ್ನು ಬೆಳೆಸುವುದೂ ಅಳಿಸುವುದೂ ಅಲ್ಲಿ ನಡೆದ ಕೆಲಸವೇ. ಹರಳೆಣ್ಣೆ ಸವರಿದ ಮಲ್ಲಕಂಬದ ಮುಂದೆ ಮೊದಲ ಸಲ ನಿಂತ ಬಾಲಕನಿಗೂ ಇದೇ ಮಾತು ಅನ್ವಯಿಸುತ್ತದೆ. ಉತ್ತರ ಕರ್ನಾಟಕದ ಗರಡಿಗಳಲ್ಲಿ ಬಳಕೆಯಲ್ಲಿರುವ ಈ ಕಲೆಯಲ್ಲಿ ಎಷ್ಟು ಉಪದೇಶವೂ ಎರಡು ಅಡಿ ಏರಿ ಹಿಡಿತ ಸಿಕ್ಕಿದ ಒಂದು ಕ್ಷಣಕ್ಕೆ ಸಮನಾಗಲಾರದು. ಆದುದರಿಂದ ಮೊದಲ ದಿನದ ಪಾಠವನ್ನು ಆ ಎರಡು ಅಡಿಗಳಿಗೆ ಮಿತಿಗೊಳಿಸುವುದೇ ಜಾಣತನ.

ಹಿಮ್ಮಾಹಿತಿ ಮತ್ತು ಆತ್ಮವಿಶ್ವಾಸ ಇವೆರಡೂ ಸಂಧಿಸುವ ಸ್ಥಳವನ್ನು ತೋರಿಸಿದುದು ಬ್ರೆಜಿಲಿನ ಚಿವಿಯಾಕೋವ್ಸ್ಕಿ ಮತ್ತು ಜರ್ಮನಿ ಮೂಲದ ವುಲ್ಫ್ ಎಂಬ ವಿದುಷಿಯರ ಪ್ರಯೋಗಗಳು. ಯಾವಾಗ ಫಲವನ್ನು ತಿಳಿಯಬೇಕೆಂಬ ಆಯ್ಕೆಯನ್ನು ಕಲಿಯುವವರಿಗೇ ಬಿಟ್ಟಾಗ, ಅವರು ಹೆಚ್ಚಾಗಿ ಕೇಳುತ್ತಿದ್ದುದು ತಪ್ಪಿದ ಪ್ರಯತ್ನದ ಬಗ್ಗೆಯಲ್ಲ, ಚೆನ್ನಾಗಿ ಆಯಿತೆಂದು ತಮಗೆ ತೋರಿದ ಪ್ರಯತ್ನದ ಬಗ್ಗೆ; ಇದು 2002ರಲ್ಲಿ ವರದಿಯಾಯಿತು. 2007ರಲ್ಲಿ ಅವರು ಗುರಿಯನ್ನು ನೋಡಲಾಗದಂತೆ ಕಣ್ಣಿಗೆ ಮರೆ ಕಟ್ಟಿ ಸಣ್ಣ ಚೀಲಗಳನ್ನು ಎಸೆಯಿಸಿದರು. ಪ್ರತಿ ಆರು ಎಸೆತಗಳ ಅನಂತರ ಒಂದು ತಂಡಕ್ಕೆ ಅತ್ಯುತ್ತಮವಾದ ಮೂರರ ಫಲವನ್ನು, ಇನ್ನೊಂದಕ್ಕೆ ಅತಿ ಕೆಟ್ಟ ಮೂರರ ಫಲವನ್ನು ತಿಳಿಸಿದರು. ಧಾರಣ ಪರೀಕ್ಷೆಯಲ್ಲಿ ಮೊದಲನೆಯ ತಂಡವೇ ಗೆದ್ದಿತು. ಇಬ್ಬರಿಗೂ ಹೇಳಿದುದು ನಿಜವನ್ನೇ, ಹೇಳಿದ ಸಂಖ್ಯೆಯೂ ಒಂದೇ. ಆದರೆ ಯಾವ ನಿಜವನ್ನು ಆಯ್ದು ಹೇಳಿದರೆಂಬುದರಲ್ಲಿ ವ್ಯತ್ಯಾಸ. ಕೆಂಪು ಶಾಯಿಯು ಶತಮಾನಗಳಿಂದ ಕೆಟ್ಟ ಮೂರನ್ನೇ ಆಯ್ದುಕೊಳ್ಳುತ್ತ ಬಂದಿದೆ.

2010ರಲ್ಲಿ ಲೂತ್‌ವೇಟ್ ಮತ್ತು ವುಲ್ಫ್ ಸಮತೋಲದ ಹಲಗೆಯ ಮೇಲೆ ನಿಲ್ಲುವ ಅಭ್ಯಾಸದಲ್ಲಿ ಕೆಲವರಿಗೆ ‘ನೀವು ಸರಾಸರಿಗಿಂತ ಮೇಲಿದ್ದೀರಿ’ ಎಂಬ ಕಲ್ಪಿತ ಸುದ್ದಿಯನ್ನು ನೀಡಿ, ಅವರ ಕಲಿಕೆ ಉತ್ತಮಗೊಂಡುದನ್ನು ಕಂಡರು. ಪ್ರಯೋಗಶಾಲೆಯಲ್ಲಿ ಇದು ಸಲ್ಲಬಹುದು. ಶಾಲೆಯಲ್ಲಿ ಸಲ್ಲದು. ವರ್ಷಗಟ್ಟಲೆ ಜೊತೆಯಲ್ಲಿದ್ದು ಪರಸ್ಪರರ ಆಟವನ್ನು ದಿನವೂ ಕಾಣುವ ಮಕ್ಕಳ ನಡುವೆ ಇಂಥ ಸುಳ್ಳು ಒಂದು ವಾರವೂ ಬಾಳಲಾರದು. ಅದು ಬಯಲಾದ ದಿನ ಗುರುವಿನ ನಿಜವಾದ ಮೆಚ್ಚುಗೆಯೂ ಬೆಲೆ ಕಳೆದುಕೊಳ್ಳುತ್ತದೆ. ಹೊಗಳಿಕೆಯ ಬಗ್ಗೆ ಇನ್ನೊಂದು ಎಚ್ಚರಿಕೆಯನ್ನೂ ಹೇಳಬೇಕು. 1996ರಲ್ಲಿ ಕ್ಲೂಗರ್ ಮತ್ತು ಡೆನಿಸಿ ಅವರು ಬಗೆಬಗೆಯ ಕೆಲಸಗಳಿಗೆ ಸಂಬಂಧಿಸಿದ 607 ಫಲಿತಾಂಶಗಳನ್ನು ಒಟ್ಟುಗೂಡಿಸಿ ನೋಡಿದಾಗ, ಸರಾಸರಿಯಲ್ಲಿ ಹಿಮ್ಮಾಹಿತಿ ಲಾಭಕರವೇ ಆಗಿದ್ದರೂ, ಮೂರರಲ್ಲಿ ಒಂದಕ್ಕಿಂತ ಹೆಚ್ಚು ಸಂದರ್ಭಗಳಲ್ಲಿ ಅದು ಕೆಲಸವನ್ನು ಹಾಳುಮಾಡಿತ್ತು. ಗಮನವನ್ನು ಕೆಲಸದಿಂದ ವ್ಯಕ್ತಿಯ ಕಡೆಗೆ ತಿರುಗಿಸುವ ಮಾತುಗಳು, ಹೊಗಳಿಕೆಯಾಗಿರಲಿ ತೆಗಳಿಕೆಯಾಗಿರಲಿ, ಅಷ್ಟಾಗಿ ಫಲಕಾರಿಯಲ್ಲವೆಂದು ಅವರ ವಿವರಣೆ. ‘ನೀನು ಜಾಣ’ ಎನ್ನುವುದಕ್ಕಿಂತ ‘ಈ ಒತ್ತಕ್ಷರ ಸಾಲಿನ ಕೆಳಗೆ ಸರಿಯಾಗಿ ಕೂತಿದೆ’ ಎನ್ನುವುದು ಲೇಸು.

ಈ ಕ್ಷೇತ್ರದ ಎಲ್ಲ ತೀರ್ಮಾನಗಳೂ ಕಲ್ಲಿನಲ್ಲಿ ಕೆತ್ತಿದವುಗಳಲ್ಲ ಎಂಬುದನ್ನೂ ಮರೆಮಾಚಬಾರದು. 2016ರಲ್ಲಿ ವುಲ್ಫ್ ಮತ್ತು ಲೂತ್‌ವೇಟ್ ಆತ್ಮವಿಶ್ವಾಸ, ಆಯ್ಕೆಯ ಸ್ವಾತಂತ್ರ್ಯ, ಗಮನದ ದಿಕ್ಕು ಇವನ್ನು ಒಂದೇ ಸಿದ್ಧಾಂತದಲ್ಲಿ ಹೆಣೆದರು. ಆದರೆ 2022ರಲ್ಲಿ ಮೆಕೇ ಮತ್ತು ಸಂಗಡಿಗರು ಆಯ್ಕೆಯನ್ನು ಕಲಿಯುವವರಿಗೆ ಬಿಡುವ ಪ್ರಯೋಗಗಳನ್ನು ಒಟ್ಟಾಗಿ ಪರಿಶೀಲಿಸಿ, ಅನುಕೂಲವಾದ ಫಲ ಬಂದವು ಮಾತ್ರ ಹೆಚ್ಚಾಗಿ ಅಚ್ಚಾಗುವ ಪಕ್ಷಪಾತವನ್ನು ಕಳೆದರೆ ಉಳಿಯುವ ಪ್ರಯೋಜನ ಅತ್ಯಲ್ಪವೆಂದು ವಾದಿಸಿದರು. ಅನೇಕ ಪ್ರಯೋಗಗಳಲ್ಲಿ ಭಾಗವಹಿಸಿದವರ ಸಂಖ್ಯೆ ಸಣ್ಣದು. ಫಲದ ಅರಿವಿಲ್ಲದೆ ಕಲಿಕೆಯಿಲ್ಲ, ಅಭ್ಯಾಸದ ಹೊಳಪೇ ಕಲಿಕೆಯಲ್ಲ, ಸ್ವತಃ ಗೆದ್ದ ಅನುಭವವೇ ವಿಶ್ವಾಸಕ್ಕೆ ಗಟ್ಟಿ ನೆಲೆ ಎಂಬ ಮಾತುಗಳನ್ನು ಧೈರ್ಯವಾಗಿ ನಂಬಬಹುದು. ಮಿಕ್ಕವುಗಳನ್ನು ತರಗತಿಯಲ್ಲಿ ಪ್ರಯೋಗಿಸಿ ನೋಡುವಷ್ಟರ ಮಟ್ಟಿಗೆ ಸ್ವೀಕರಿಸಬಹುದು.

ಪ್ರಯೋಗಿಸಿ ನೋಡಲು ಹಣದ ವೆಚ್ಚವೇನೂ ಇಲ್ಲ. ಗೋಡೆಯ ಮೇಲೆ ಸುಣ್ಣದಿಂದ ಬರೆದ ಒಂದು ವೃತ್ತವು ಐವತ್ತು ಮಕ್ಕಳಿಗೆ ಚೆಂಡು ಬಿದ್ದ ಜಾಗವನ್ನು ಯಾವ ಉಪಾಧ್ಯಾಯರಿಗಿಂತಲೂ ನಿಷ್ಪಕ್ಷಪಾತವಾಗಿ ತಿಳಿಸುತ್ತದೆ. ಬರವಣಿಗೆಯ ವಿಷಯದಲ್ಲಿ ಎಲ್ಲ ಶಿಕ್ಷಕರೂ ಬಲ್ಲ ಒಂದು ತೊಡಕಿದೆ. ಕಾಪಿ ಪುಸ್ತಕದ ಮೊದಲ ಸಾಲನ್ನು ಮೇಲಿನ ಮಾದರಿ ನೋಡಿ ಬರೆಯುವ ಮಗು, ಎರಡನೆಯ ಸಾಲನ್ನು ತಾನು ಬರೆದ ಮೊದಲ ಸಾಲನ್ನು ನೋಡಿ ಬರೆಯುತ್ತದೆ. ಪುಟದ ಕೊನೆ ಮುಟ್ಟುವಷ್ಟರಲ್ಲಿ ತಪ್ಪಿನ ಮೇಲೆ ತಪ್ಪು ಸೇರಿ ‘ಭ’ಕಾರವು ಯಾವುದೋ ಹೊಸ ಅಕ್ಷರವಾಗಿರುತ್ತದೆ. ಕೆಳಗಿನ ಸಾಲಿನಿಂದ ಮೇಲಕ್ಕೆ ಬರೆಯಿಸಿದರೆ ಪ್ರತಿ ಸಾಲಿಗೂ ಮಾದರಿಯೊಂದೇ ಕಣ್ಣಿಗೆ ಬೀಳುವಂತಾಗುತ್ತದೆ. ಪುಟ ಮುಗಿದ ಮೇಲೆ ಗುರುಗಳು ಕೆಂಪು ಶಾಯಿಯ ಲೇಖನಿಯನ್ನು ತೆರೆಯುವ ಮೊದಲು, ಎಲ್ಲಕ್ಕಿಂತ ಚೆನ್ನಾಗಿ ಮೂಡಿದ ಅಕ್ಷರಗಳು ಯಾವುವೆಂದು ಮಗುವಿನಿಂದಲೇ ಗುರುತು ಹಾಕಿಸಬೇಕು. ಗುರುಗಳ ಆಯ್ಕೆಯೂ ಮಗುವಿನ ಆಯ್ಕೆಯೂ ಎಲ್ಲಿ ಕೂಡುತ್ತವೆ, ಎಲ್ಲಿ ಬೇರೆಯಾಗುತ್ತವೆ ಎಂಬುದರಿಂದ ಮಗುವಿನ ಕಣ್ಣು ಎಷ್ಟು ಪಳಗಿದೆಯೆಂಬುದು ಗೊತ್ತಾಗುತ್ತದೆ. ಕೈ ಪಳಗುವುದು ಅದರ ಹಿಂದೆಯೇ.

ಕೊನೆಯದಾಗಿ, ಪ್ರತಿ ತರಗತಿಯಲ್ಲಿಯೂ ಇರುವ ಕೆಲವು ಮಕ್ಕಳ ಮಾತು. ಬುದ್ಧಿ ಚುರುಕಾಗಿದ್ದರೂ ಗುಂಡಿ ಹಾಕಿಕೊಳ್ಳಲು, ಸಾಲಿನಲ್ಲಿ ಬರೆಯಲು, ಚೆಂಡು ಹಿಡಿಯಲು ಮಿತಿಮೀರಿ ಒದ್ದಾಡುವವರು ಇವರು. ‘ಒರಟು ಕೈ’, ‘ಸೋಮಾರಿ’ ಎಂಬ ಹೆಸರುಗಳನ್ನು ಇವರು ಬಲುಬೇಗ ಸಂಪಾದಿಸುತ್ತಾರೆ; ಆಟದ ತಂಡಗಳನ್ನು ಆರಿಸುವಾಗ ಕೊನೆಗುಳಿಯುವವರೂ ಇವರೇ. ವೈದ್ಯಶಾಸ್ತ್ರವು ಇದನ್ನು ಬೆಳವಣಿಗೆಯಲ್ಲಿನ ಚಲನ ಸಮನ್ವಯದ ತೊಂದರೆಯೆಂದು ಗುರುತಿಸಿದೆ. 5ರಿಂದ 11 ವರ್ಷದ ಮಕ್ಕಳಲ್ಲಿ ಶೇಕಡಾ 5ರಿಂದ 6ರಷ್ಟು ಮಂದಿಗೆ ಇದಿದೆಯೆಂಬ ಅಂದಾಜಿದೆ. ಐವತ್ತು ಮಕ್ಕಳ ತರಗತಿಯಲ್ಲಿ ಇಬ್ಬರೋ ಮೂವರೋ ಇರಬಹುದೆಂದಾಯಿತು. ಇವರಿಗೆ ಸಹಜವಾದ ಹಿಮ್ಮಾಹಿತಿಯೇ ಮಸುಕು. ಗೆದ್ದ ಅನುಭವ ವಿರಳ. ಕೇಳಿದ ಮಾತುಗಳೆಲ್ಲ ತೆಗಳಿಕೆ. ಆದುದರಿಂದ ಇವರು ಮಾಡದೆ ತಪ್ಪಿಸಿಕೊಳ್ಳುತ್ತಾರೆ, ಮಾಡದುದರಿಂದ ಇನ್ನೂ ಹಿಂದುಳಿಯುತ್ತಾರೆ. ಕೆನಡಾದಲ್ಲಿ ಹೆಲೆನ್ ಪೊಲಟಾಯ್ಕೊ, ಆಂಜೆಲಾ ಮ್ಯಾಂಡಿಚ್ ಮೊದಲಾದವರು ಇಂಥ ಮಕ್ಕಳಿಗಾಗಿ ರೂಪಿಸಿದ ವಿಧಾನದಲ್ಲಿ ಕೆಲಸವನ್ನು ಆರಿಸುವವನು ಮಗುವೇ. ಸೈಕಲ್ ಕಲಿಯಬೇಕೆ, ಷೂಸಿನ ದಾರ ಕಟ್ಟಬೇಕೆ ಎಂದು ಅದೇ ಹೇಳುತ್ತದೆ, ಹೇಗೆ ಮಾಡುವೆನೆಂದು ತಾನೇ ಯೋಜಿಸುತ್ತದೆ, ಮಾಡುತ್ತದೆ, ಯೋಜನೆ ಫಲಿಸಿತೇ ಎಂದು ತಾನೇ ಪರಿಶೀಲಿಸುತ್ತದೆ. ಶಿಕ್ಷಕರು ಉತ್ತರವನ್ನು ಹೇಳುವುದಿಲ್ಲ, ಪ್ರಶ್ನೆಗಳನ್ನು ಕೇಳುತ್ತಾರೆ. ದಾರದ ಗಂಟು ಬಿಚ್ಚಿಹೋದಾಗ ‘ಎಲ್ಲಿ ಸಡಿಲವಾಯಿತು, ನೋಡು’ ಎನ್ನುತ್ತಾರೆ. ಮಗು ಬಗ್ಗಿ ನೋಡಿ ಮತ್ತೆ ಕಟ್ಟುತ್ತದೆ.